ಆಸ್ಟ್ರೇಲಿಯಾಕ್ಕೆ ಹೊರಟವರು ಚೀಲ ಒಮ್ಮೆ ನೋಡಿಕೊಳ್ಳಿ

ನಮ್ಮ ತೀರ್ಥಹಳ್ಳಿ ಕಡೆಯಿಂದ ವರ್ಕ್ ಅಂಡ್ ಹಾಲಿಡೇ ವೀಸಾಕ್ಕೆ (ಅಲ್ಲಿ ಸುತ್ತಾಡುತ್ತ ಕೆಲಸವನ್ನೂ ಮಾಡಲು ಬಿಡುವ ವೀಸಾ) ಯೋಚಿಸುತ್ತಿರುವ ಗಂಡ ಹೆಂಡತಿ ಗಮನಿಸಿ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು. ವಯಸ್ಸು 18ರಿಂದ 30. ಯಾರಿಗೆ ಅವಕಾಶ ಎಂದು ಲಾಟರಿ ಎತ್ತುತ್ತಾರೆ, ಅದರಲ್ಲಿ ಒಬ್ಬರದೇ ಹೆಸರು ಬರಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ನಮಗೆ ಪೇಚಾಟ ಆಗಿದ್ದು ಚೀಲದಲ್ಲಿ. ಅತ್ತೆ ಪ್ರೀತಿಯಿಂದ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ರಸ ಸೋರಿ ಇವರ ಬಿಳಿ ಅಂಗಿಯೆಲ್ಲ ಕೆಂಪಾಯಿತು. ಡಬ್ಬಿ ಬಾಯಿಗೆ ಪ್ಲಾಸ್ಟಿಕ್ ಬಿಗಿದು ಮುಚ್ಚಳ ತಿರುಗಿಸಿ. ಇನ್ನೊಂದು ಮುಖ್ಯ. ಬದಿ ಜೇಬಿನಲ್ಲಿ ಮೊಗೆಕಾಯಿ ಬೀಜದ ಪೊಟ್ಟಣ ಉಳಿದುಹೋಗಿತ್ತು, ಅಲ್ಲಿನ ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡರು. ಇಂಥ ಸಾಮಾನು ತಂದಿದ್ದೀರಾ ಎಂದು ಕೇಳುವ ಪ್ರಯಾಣಿಕರ ಕಾರ್ಡಿನಲ್ಲಿ ಮೊದಲೇ ‘ಹೌದು’ ಎಂದು ಗುರುತು ಹಾಕಿದ್ದೆವು, ಹಾಗಾಗಿ ದಂಡ ಬೀಳಲಿಲ್ಲ. ತಿಂಡಿ, ಬೀಜ, ಮರದ ಸಾಮಾನು ಏನಿದ್ದರೂ ಬರೆದು ತೋರಿಸಿ. ಸುಮ್ನೆ ಮುಚ್ಚಿಡಬೇಡಿ. ನಮ್ಮ ಹಲಸಿನ ಹಪ್ಪಳ ನೋಡಿ, ವಾಪಸ್ ಕೊಟ್ಟರು.