ಸೋರಿದ್ದು ಹಂಚಲ್ಲ

ಚಳಿಗಾಲದ ಒಂದು ಬೆಳಿಗ್ಗೆ ಅಟ್ಟದ ಕೋಣೆಯ ಸೀಲಿಂಗ್‌ನಲ್ಲಿ, ದೀಪದ ಸುತ್ತ ಕಂದು ಕಲೆ ಕಂಡಿತು. ಹಂಚು ಒಡೆದಿದೆ ಅಂದುಕೊಂಡೆ. ಆದರೆ ಎರಡು ವಾರದಿಂದ ಮಳೆಯೇ ಬಂದಿರಲಿಲ್ಲ! ಬೋರ್ಡ್ ಬಿಚ್ಚಿದರೆ, ಚಳಿ ತಡೆಯಲು ತುಂಬಿದ್ದ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ನೆನೆದು ಮುದ್ದೆಯಾಗಿತ್ತು. ಮೇಲಿನ ಹಲಗೆಯಿಂದ ಇಣುಕುತ್ತಿದ್ದ ಮೊಳೆಗಳ ತುದಿಯಲ್ಲೆಲ್ಲ ಒಂದೊಂದು ಹನಿ.

ತಪ್ಪು ನನ್ನದೇ. ಸಾಮಾನ್ಯವಾಗಿ ರಾಕ್‌ವೂಲ್‌ಗೂ ಹಲಗೆಗೂ ನಡುವೆ 50 ಮಿ.ಮೀ. ಜಾಗ ಬಿಟ್ಟು ಗಾಳಿ ಆಡಿಸುತ್ತಾರೆ. ರಾಫ್ಟರ್, ಅಂದರೆ ಮಾಡನ್ನು ಹೊರುವ ಓರೆ ತೊಲೆಗಳ ಆಳ ಕಡಿಮೆ ಇತ್ತು, ಹಾಗಾಗಿ ನಾನು ಪೂರ್ತಿ ತುಂಬಿಬಿಟ್ಟಿದ್ದೆ. ಗಾಳಿಯಾಡದ ಛಾವಣಿಯೂ ಚೆನ್ನಾಗಿಯೇ ಇರುತ್ತದೆ, ಒಳಗಿನ ಹಬೆ ಮೇಲೆ ಹೋಗದಂತೆ ತಡೆದರೆ. ಅದಕ್ಕೆಂದು ಹಾಕಿದ ಪಾಲಿಥೀನ್ ಶೀಟನ್ನು ನಾನು ಸುಮ್ನೆ ಪಿನ್ ಹೊಡೆದು ಬಿಟ್ಟಿದ್ದೆ. ಅಂಚಿಗೆ ಟೇಪ್ ಇಲ್ಲ. ಸಾಲದ್ದಕ್ಕೆ ದೀಪಗಳಿಗೆ ಆರು ತೂತು.

20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರನ್ನು ಆವಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಕೂಡ ಆಗುವುದಿಲ್ಲ. ಹೆಚ್ಚಾದದ್ದು ತಣ್ಣನೆಯ ಮೊಳೆ ಮೇಲೆ ಕೂರುತ್ತದೆ. ಹಲಗೆ ಮೇಲೆ ಹಳೇ ಡಾಂಬರು ಶೀಟ್ ಬೇರೆ ಇತ್ತು, ಒಳಗೆ ಬಂದ ತೇವಕ್ಕೆ ಹೊರಗೆ ದಾರಿಯೇ ಇರಲಿಲ್ಲ.

ಈ ಸಲ ಹೊರಗಿನಿಂದ ಮಾಡಿದೆ. ಹಂಚು ಇಳಿಸಿ, ಡಾಂಬರು ಶೀಟ್ ಕಿತ್ತು, ಹಲಗೆ ಒಣಗಲು ಬಿಟ್ಟೆ. ತೇವದ ಮೀಟರ್ ಮೊದಲು 26% ತೋರಿಸಿತು. 18ಕ್ಕಿಂತ ಕೆಳಗೆ ಇಳಿಯುವವರೆಗೂ ಕಾದೆ. ಹಲಗೆ ಮೇಲೆ ಹಬೆ ತಡೆಯುವ ಶೀಟ್, ಅದರ ಮೇಲೆ 60 ಮಿ.ಮೀ. ಗಟ್ಟಿ ಫೋಮ್ ಬೋರ್ಡ್ ಎರಡು ಪದರ, ಸಂದು ಸಂದಿನ ಮೇಲೆ ಬಾರದ ಹಾಗೆ. ಮೇಲೆ ಆವಿ ಬಿಡುವ ಶೀಟ್, ಪಟ್ಟಿ, ಹಂಚು. ರಾಫ್ಟರ್ ನಡುವೆ ಏನೂ ತುಂಬಲಿಲ್ಲ. ಹಲಗೆ ಈಗ ಬೆಚ್ಚಗಿನ ಕಡೆಗೆ ಬಂತು, ಸೀಲಿಂಗ್‌ನಲ್ಲಿ ಎಲ್ಲಿ ತೂತು ಕೊರೆದರೂ ಶೀಟಿಗೆ ತಗಲುವುದಿಲ್ಲ.

ಜಾಸ್ತಿ ಸತಾಯಿಸಿದ್ದು ಸೂರು. ರಾಫ್ಟರ್‌ಗಳು ಅಲ್ಲಿ ಗೋಡೆ ದಾಟಿ ಹೊರಗೆ ಚಾಚಿರುತ್ತವೆ. ನಡುವಿನ ಒಂದೊಂದು ಸಂದಿಗೂ ಬೋರ್ಡ್ ಅಳೆದು ಕತ್ತರಿಸಿ, ಸುತ್ತ ಸಂದು ಮುಚ್ಚುವ ಸೀಲಂಟ್ ತುಂಬಿದೆ. ಆದರೂ ಊದುಬತ್ತಿ ಹಿಡಿದರೆ ಹೊಗೆ ಒಂದು ಕಡೆ ವಾಲುತ್ತಿತ್ತು. ನೋಡಿದರೆ ಗಾಳಿ ಹೋಗುತ್ತಿದ್ದದ್ದು ರಾಫ್ಟರಿನ ಉದ್ದದ ಬಿರುಕಿನಲ್ಲಿ! ಅದಕ್ಕೂ ಸೀಲಂಟ್. ಎರಡು ದಿನ ಅಲ್ಲೇ ಕಳೆಯಿತು.

ಬಚ್ಚಲಿನ ಫ್ಯಾನ್ ಹಬೆಯನ್ನು ಮಾಡಿನ ಒಳಗೇ ಉಗುಳುತ್ತಿತ್ತು, ಅದರ ಪೈಪನ್ನು ಹೊರಗೆ ತಿರುಗಿಸಿದೆ.

ಮುಂದಿನ ಚಳಿಗಾಲದಲ್ಲಿ ಮೀಟರ್ 13% ತೋರಿಸಿತು. ಮಾಡಿನ ಕಿಟಕಿಯ ಚೌಕಟ್ಟು ಮಾತ್ರ ಇನ್ನೂ ಬೆವರುತ್ತದೆ. ಬೆಳಿಗ್ಗೆ ಎದ್ದು ಬಟ್ಟೆಯಲ್ಲಿ ಒರೆಸುತ್ತೇನೆ.