ನಮ್ಮ ಆರ್‌ವಿ ಮೇಲಿನ ಬಾವಲಿ

ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಕಡೆಯವರು. ಮೂರು ವರ್ಷದ ಹಿಂದೆ 24 ಅಡಿ ಉದ್ದದ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ, ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆವು. 2006ರ ಗಾಡಿ. ಅದರ ತಲೆಯ ಮೇಲೆ ಒಂದು ಟಿವಿ ಆಂಟೆನಾ, ಬಾವಲಿ ರೆಕ್ಕೆ ಹರಡಿಕೊಂಡು ಅಂಗಾತ ಮಲಗಿದ ಹಾಗೆ. ವೈನ್‌ಗಾರ್ಡ್ ಕಂಪನಿಯ ‘ಸೆನ್ಸಾರ್’ ಅನ್ನುವ ಮಾಡೆಲ್. ಇಲ್ಲಿನವರು ಕರೆಯುವುದೂ ‘ಬ್ಯಾಟ್‌ವಿಂಗ್’ ಅಂತಲೇ. ಅಮೆರಿಕದ ದೊಡ್ಡ ಸ್ಟೇಷನ್‌ಗಳೆಲ್ಲ 2009ರ ಜೂನ್ 12ರ ಹೊತ್ತಿಗೆ ಅನಲಾಗ್ ಅನ್ನುವ ಹಳೇ ಬಗೆಯ ಪ್ರಸಾರ ನಿಲ್ಲಿಸಿವೆ, ಈ ಹಳೇ ಸಾಮಾನು ಇನ್ಯಾಕೆ ಅಂದುಕೊಂಡು ‘ಡಿಜಿಟಲ್ ಆಂಟೆನಾ’ ಹುಡುಕಲು ಕೂತೆ.

ಅಂಥದ್ದೊಂದು ಜಾತಿಯೇ ಇಲ್ಲ ಅಂತ ಗೊತ್ತಾಗುವ ಹೊತ್ತಿಗೆ ದುಡ್ಡು ಹೋಗಿತ್ತು. ಆಂಟೆನಾ ಹಿಡಿಯುವುದು ತರಂಗವನ್ನು. ಅದರಲ್ಲಿ ಅನಲಾಗ್ ತುಂಬಿದ್ದಾರೋ ಡಿಜಿಟಲ್ ತುಂಬಿದ್ದಾರೋ, ಬಿಡಿಸಿ ಓದುವುದು ಟಿವಿಯೊಳಗಿನ ಟ್ಯೂನರ್. ಈಗ ಬರುತ್ತಿರುವ ಎಟಿಎಸ್‌ಸಿ 3.0 ಅನ್ನುವ ಹೊಸ ಬಗೆಯ ಡಿಜಿಟಲ್ ಪ್ರಸಾರಕ್ಕೂ ಟ್ಯೂನರ್ ಬದಲಾಗಬೇಕೇ ಹೊರತು ಆಂಟೆನಾ ಅಲ್ಲ.

ನಾನು ತಂದದ್ದು ಊಟದ ತಟ್ಟೆಯಷ್ಟು ಅಗಲದ, ಎಲ್ಲ ದಿಕ್ಕಿನಿಂದಲೂ ಎಳೆಯುತ್ತೇನೆ ಅನ್ನುವ ಬಿಳಿ ಬಿಲ್ಲೆ. ತಿರುಗಿಸುವ ರಗಳೆ ಇಲ್ಲ, ಜೊತೆಗೆ ಸಿಗ್ನಲ್ ಹಿಗ್ಗಿಸುವ ಒಂದು ಬೂಸ್ಟರ್. ಡಬ್ಬಿಯ ಮೇಲೆ ‘150 ಮೈಲಿ’ ಅಂತ ದೊಡ್ಡಕ್ಷರ. ಮನೆಯಲ್ಲೇ ಒಂದು ಲೆಕ್ಕ ಹಾಕಿದ್ದರೆ ಸಾಕಿತ್ತು. ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ, ಬಯಲು ನೆಲದಲ್ಲಿ ಟಿವಿ ತರಂಗ ಭೂಮಿಯ ಉಬ್ಬಿಗೆ ತಾಗದೆ ಸುಮಾರು ಎಷ್ಟು ಕಿಲೋಮೀಟರ್ ಹೋಗುತ್ತದೆ ಅಂತ ಸಿಗುತ್ತದೆ. ಟವರ್ 600 ಮೀಟರ್ ಇದ್ದರೆ 100 ಕಿ.ಮೀ., ನಮ್ಮ ಗಾಡಿಯ 4 ಮೀಟರಿಗೆ ಇನ್ನೊಂದು 8. ಒಟ್ಟು 108, ಅಂದರೆ 67 ಮೈಲಿ. 600 ಮೀಟರಿನ ಟವರ್ ಎಲ್ಲ ಊರಲ್ಲೂ ಇರುವುದಿಲ್ಲ ಬೇರೆ.

ಅಂಥ ಟವರ್ ಇರುವುದು ಸ್ಯಾಕ್ರಮೆಂಟೊ ದಕ್ಷಿಣಕ್ಕೆ, ವಾಲ್ನಟ್ ಗ್ರೋವ್‌ನಲ್ಲಿ. ಮೊದಲ ಪ್ರಯೋಗಕ್ಕೆ ಅಲ್ಲಿಂದ 22 ಕಿ.ಮೀ. ದೂರದ ಬ್ರಾನನ್ ಐಲೆಂಡ್‌ಗೆ ಹೋದೆವು. ಸುತ್ತ ನೀರು, ಚಪ್ಪಟೆ ನೆಲ, ಗುಡ್ಡದ ಕಾಟವಿಲ್ಲ. ಇಷ್ಟು ಹತ್ತಿರ ಇದ್ದೂ ಬಿಲ್ಲೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಬೂಸ್ಟರ್ ಕಿತ್ತುಹಾಕಿದರೆ ಸರಿಹೋಯಿತು! ಟವರ್ ಪಕ್ಕದಲ್ಲಿ ಬೂಸ್ಟರ್ ಹಚ್ಚುವುದು, ಕಿವಿಗೆ ಬಾಯಿಟ್ಟು ಕೂಗುವವನ ಮುಂದೆ ಮೈಕ್ ಹಿಡಿದ ಹಾಗೆ. ಆದರೂ ಕೆಎಕ್ಸ್‌ಟಿವಿ, ಅಂದರೆ 10ನೇ ಚಾನೆಲ್, ಜಪ್ಪಯ್ಯ ಅಂದರೂ ಬರಲಿಲ್ಲ. ಮಗ ಕಾಯುತ್ತಿದ್ದ ಫುಟ್‌ಬಾಲ್ ಮ್ಯಾಚ್ ಅದರಲ್ಲೇ ಇರಬೇಕೆ.

ರಾತ್ರಿ ಕೂತು ಓದಿದಾಗ ಕಾರಣ ಸಿಕ್ಕಿತು. ಇಲ್ಲಿನ ಹೆಚ್ಚಿನ ಚಾನೆಲ್‌ಗಳು ಯುಎಚ್‌ಎಫ್ ಅನ್ನುವ ಗಿಡ್ಡ ಅಲೆಗಳ ಪಟ್ಟಿಯಲ್ಲಿ, 470ರಿಂದ 608 ಮೆಗಾಹರ್ಟ್ಸ್ ನಡುವೆ. ಆ ಅಲೆಗೆ ಒಂದು ಗೇಣಿನ ಕಡ್ಡಿ ಸಾಕು. 10ನೇ ಚಾನೆಲ್ ಇರುವುದು ವಿಎಚ್‌ಎಫ್ ಅನ್ನುವ ಉದ್ದ ಅಲೆಗಳ ಪಟ್ಟಿಯಲ್ಲಿ, 195 ಮೆಗಾಹರ್ಟ್ಸ್ ಆಸುಪಾಸು. ಅಲೆಯ ಉದ್ದ ಒಂದೂವರೆ ಮೀಟರ್, ಅದರ ಅರ್ಧ 77 ಸೆಂ.ಮೀ. ಅದನ್ನು ನೆಟ್ಟಗೆ ಹಿಡಿಯಲು ತಟ್ಟೆ ಸಾಲದು, ರೆಕ್ಕೆ ಬೇಕು. ನಮ್ಮ ಬಾವಲಿಯ ಅಗಲ ಮೂರೂವರೆ ಅಡಿಗೂ ಜಾಸ್ತಿ. (ಟಿವಿಯಲ್ಲಿ ಕಾಣುವ ನಂಬರನ್ನು ನಂಬಬೇಡಿ. ಸ್ಯಾನ್ ಫ್ರಾನ್ಸಿಸ್ಕೊದ 7.1 ಗಾಳಿಯಲ್ಲಿ ಬರುವುದು 12ನೇ ಚಾನೆಲ್ಲಿನ ಅಲೆಯಲ್ಲಿ.)

ಬೆಳಿಗ್ಗೆ ಬಾವಲಿಯನ್ನು ಎಬ್ಬಿಸಿದೆ. ಒಳಗಿನಿಂದ ಹ್ಯಾಂಡಲ್ ತಿರುಗಿಸಿದರೆ ಏಳುತ್ತದೆ, ಸೀಲಿಂಗಿನ ಬಳೆಯನ್ನು ಕೆಳಕ್ಕೆ ಜಗ್ಗಿ ತಿರುಗಿಸಿದರೆ ಸುತ್ತುತ್ತದೆ. ಒಂದು ಚಾನೆಲ್ಲೂ ಇಲ್ಲ. ಇದರ ಬೂಸ್ಟರ್ ಇರುವುದು ಮೇಲೆ, ತಲೆಯೊಳಗೇ. ಗೋಡೆಯ ಪ್ಲೇಟಿನಲ್ಲಿರುವ ಪುಟ್ಟ ಸ್ವಿಚ್ ಒತ್ತಿ ಹಸಿರು ದೀಪ ಹತ್ತಿದರೆ ಮಾತ್ರ ಕೇಬಲ್ ಮೂಲಕ 12 ವೋಲ್ಟ್ ಅಲ್ಲಿಗೆ ಹೋಗುತ್ತದೆ. ದೀಪ ಆರಿದ್ದರೆ ಆಂಟೆನಾ ಇದ್ದೂ ಇಲ್ಲದ ಹಾಗೆ. ನನ್ನದು ಹತ್ತಿತ್ತು. ಮಲ್ಟಿಮೀಟರ್ ಹಿಡಿದು ಏಣಿ ಹತ್ತಿದೆ. ಪ್ಲೇಟಿನಲ್ಲಿ 13 ವೋಲ್ಟ್, ಮೇಲೆ ಸೊನ್ನೆ. ಆಂಟೆನಾಕ್ಕೆ ತಿರುಗಿಸಿ ಕೂಡಿಸುವ ಕನೆಕ್ಟರ್ ಬಿಚ್ಚಿದರೆ, ಹಳೇ ತಾಮ್ರದ ಚೊಂಬಿಗೆ ಹಿಡಿದಂಥ ಹಸಿರು ಕಿಲುಬು. ನಡುವಿನ ತಂತಿ ಬೆರಳು ತಾಗಿದ್ದಕ್ಕೇ ಮುರಿದು ಕೈಗೆ ಬಂತು. ಎರಡು ಇಂಚು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದೆ. ಎರಡು ಡಾಲರೂ ಆಗಲಿಲ್ಲ, ಬಾವಲಿಗೆ ಜೀವ ಬಂತು. ಆಮೇಲೆ ಯುಎಚ್‌ಎಫ್ ಚುರುಕಾಗಲಿ ಅಂತ ಅದೇ ಕಂಪನಿಯ ವಿಂಗ್‌ಮ್ಯಾನ್ ಅನ್ನುವ ತುಂಡನ್ನೂ ಮುಂದೆ ಸಿಕ್ಕಿಸಿದೆ.

ದಿಕ್ಕು ಗೊತ್ತಿದ್ದವನಿಗೆ ಒಂದೇ ಕಡೆ ನೋಡುವ ಆಂಟೆನಾ ಒಳ್ಳೆಯದು, ಇದು ನನ್ನ ಖಚಿತ ಅಭಿಪ್ರಾಯ. ರ್‍ಯಾಬಿಟ್‌ಇಯರ್ಸ್ ತಾಣದಲ್ಲಿ ನಿಂತ ಜಾಗ ಕೊಟ್ಟರೆ ಯಾವ ಟವರ್ ಎಷ್ಟು ಡಿಗ್ರಿಯಲ್ಲಿದೆ ಅಂತ ಪಟ್ಟಿ ಬರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೇ ಟಿವಿ ಬೇಕಾಗುವುದು, ಹಾಗಾಗಿ ಮನೆಯಲ್ಲೇ ನೋಡಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ನಕ್ಷೆಯ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ನಮ್ಮ ಕಡೆ ಸುಮಾರು 13 ಡಿಗ್ರಿ ವ್ಯತ್ಯಾಸ, ಅದು ಮರೆಯಬಾರದು. ಜಾಗ ಬದಲಾದಾಗಲೆಲ್ಲ ಟಿವಿಯಲ್ಲಿ ಹೊಸದಾಗಿ ಚಾನೆಲ್ ಸ್ಕ್ಯಾನ್ ಮಾಡಲೇಬೇಕು.

ಲಾಸ್ ಏಂಜಲಿಸ್‌ನ ಡಾಕ್‌ವೈಲರ್ ಬೀಚಿಗೆ ಹೋದಾಗ ಮೈಸೂರಿನಿಂದ ಅಪ್ಪ ಬಂದಿದ್ದರು. ಅಲ್ಲಿನ ಬಹುತೇಕ ಸ್ಟೇಷನ್‌ಗಳು 1,740 ಮೀಟರ್ ಎತ್ತರದ ಮೌಂಟ್ ವಿಲ್ಸನ್‌ನಿಂದಲೇ. 48 ಕಿ.ಮೀ. ದೂರ ಇದ್ದರೂ ಒಮ್ಮೆ ತಿರುಗಿಸಿದ್ದಷ್ಟೆ, ಚಾನೆಲ್‌ಗಳ ಸಂತೆ. ಬ್ರಾನನ್ ಐಲೆಂಡಿನ ದಿಕ್ಕೂ ಬರೆದಿದ್ದ ಚೀಟಿ ನೋಡಿದ ಅಪ್ಪ, “ಏನೋ, ಆವತ್ತಿಂದೂ ಈಶಾನ್ಯ, ಇವತ್ತಿಂದೂ ಈಶಾನ್ಯ. ವಾಸ್ತು ನೋಡಿ ಟವರ್ ಹಾಕಿದಾರೇನೋ ಇವರು?” ಅಂದರು.

“ಮುಂದಿನ ಸಲ ಉತ್ತರ ಇದೆ ಅಪ್ಪಾ, ನೋಡೋಣ,” ಅಂದೆ.

ಆ ಉತ್ತರ ಕೈಕೊಟ್ಟಿತು. ಹಾಫ್ ಮೂನ್ ಬೇಯಿಂದ ಸ್ಯಾನ್ ಫ್ರಾನ್ಸಿಸ್ಕೊದ ಸುಟ್ರೊ ಟವರ್ ಬರೀ 32 ಕಿ.ಮೀ. ನಡುವೆ ಮೊಂಟಾರಾ ಬೆಟ್ಟ ಕೂತಿದೆ, 578 ಮೀಟರ್. ಸುಟ್ರೊದ ತುದಿಯೇ ಸಮುದ್ರಮಟ್ಟದಿಂದ 550 ಮೀಟರ್ ಚಿಲ್ಲರೆ. ಬಳೆ ತಿರುಗಿಸಿ ತಿರುಗಿಸಿ ಅಪ್ಪನ ಕೈ ಸೋತಿತು, ನಾಲ್ಕು ಸಲ ಸ್ಕ್ಯಾನ್ ಆಯಿತು, ಏನೂ ಇಲ್ಲ. ಇಂಥ ಕಡೆ ಯಾವ ಆಂಟೆನಾ ತಂದರೂ ದುಡ್ಡು ದಂಡ.

ಈ ಬಾವಲಿಯ ಒಂದೇ ಕಿರಿಕಿರಿ, ಹೊರಡುವ ಮುಂಚೆ ಮಲಗಿಸಬೇಕು. ಒಮ್ಮೆ ಮರೆತು ಹೊರಟು, ಗೇಟಿನ ಹತ್ತಿರ ಓಕ್ ಮರದ ಕೊಂಬೆ ಒಂದು ಕಡೆಯ ರೆಕ್ಕೆಯ ತುದಿಯನ್ನು ಹಾರಿಸಿತು. ಈಗ ಆಂಟೆನಾ ಎತ್ತಿದ ತಕ್ಷಣ ಅಪ್ಪ ಬಿಟ್ಟುಹೋದ ಕೆಂಪು ಚೌಕದ ಟವೆಲ್ಲನ್ನು ಸ್ಟೇರಿಂಗಿಗೆ ಗಂಟು ಹಾಕುತ್ತೇನೆ. ಇಳಿಸಿದ ಮೇಲೇ ಬಿಚ್ಚುವುದು.