ಒಂದೇ ಆಲ್ಬಮ್, ನಾಲ್ಕು ಅಚ್ಚು: ಮರುಮುದ್ರಿತ ಎಲ್‌ಪಿಗಳನ್ನು ಹೋಲಿಸಿ ಕೇಳಿದ ನನ್ನ ಅನುಭವ

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ರಾಕ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ನಾಲ್ಕು ಎಲ್‌ಪಿಗಳು (ಸೂಜಿಯಿಟ್ಟು ಕೇಳುವ ದೊಡ್ಡ ರೆಕಾರ್ಡ್ ತಟ್ಟೆಗಳು) ಮೊನ್ನೆ ಮೊನ್ನೆಯವರೆಗೆ ನನ್ನ ಮನೆಯಲ್ಲಿದ್ದವು. ಒಂದೇ ಹಾಡುಗಳ ನಾಲ್ಕು ತಟ್ಟೆಗಳಿಗೆ ಹಣ ಸುರಿದವನೆಂದು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾದರೂ, ಕಳೆದೆರಡು ವರ್ಷಗಳಲ್ಲಿ ಅವುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದ್ದರಿಂದ ನಾನು ಕಲಿತದ್ದು ಕಡಿಮೆಯೇನಲ್ಲ. ಮೊದಲನೆಯದು ಕಲ್ಕತ್ತೆಯ ದಮ್ ದಮ್‌ನಲ್ಲಿದ್ದ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದ ಕಾರ್ಖಾನೆಯಲ್ಲಿ ಅಚ್ಚಾದದ್ದು; ಚಿಕ್ಕಪ್ಪ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡು, ಮದುವೆಯಾದ ಮೇಲೆ ಅಟ್ಟಕ್ಕೆ ಸೇರಿಸಿದ್ದು. ಎರಡನೆಯದು ಎಪ್ಪತ್ತರ ದಶಕದ ಇಂಗ್ಲಿಷ್ ಅಚ್ಚು. ಅವೆನ್ಯೂ ರಸ್ತೆಯ ಆಸುಪಾಸಿನ ಭಾನುವಾರದ ಬಜಾರಿನಲ್ಲಿ, ಹಿಂದಿ ಚಿತ್ರಗೀತೆಗಳ ರೆಕಾರ್ಡುಗಳ ನಡುವೆ ಸಿಕ್ಕಿತು. ಮೂರನೆಯದು ಆಲ್ಬಮ್ಮಿಗೆ ಮೂವತ್ತು ವರ್ಷ ತುಂಬಿದ ನೆಪದಲ್ಲಿ 2003ರಲ್ಲಿ ಬಂದದ್ದು. ಅದನ್ನು ಎಂಜಿನಿಯರುಗಳಾದ ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ ಸಿದ್ಧಪಡಿಸಿದ್ದರು. ನಾಲ್ಕನೆಯದು ಜೇಮ್ಸ್ ಗಥ್ರಿ, ಜೋಯೆಲ್ ಪ್ಲಾಂಟ್ ಹಾಗೂ ಬರ್ನಿ ಗ್ರಂಡ್‌ಮನ್ ಅವರ ಕೈಯಿಂದ 2016ರಲ್ಲಿ ಹೊರಬಂದದ್ದು.

ಮೊದಲ ಸುತ್ತಿನಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಒಂದು ಸಂಜೆ ನಾಲ್ಕನ್ನೂ ಒಂದಾದ ಮೇಲೊಂದರಂತೆ ಹಾಕಿ, ಕಾಫಿ ಕುಡಿಯುತ್ತಾ ಕೇಳಿ, ನೋಟ್‌ಬುಕ್ಕಿನಲ್ಲಿ ಅಂಕ ಕೊಟ್ಟೆ. 2003ರದು ಮೊದಲ ಸ್ಥಾನ ಪಡೆಯಿತು. ‘ತಳಸ್ವರ ತುಂಬಿದೆ, ವಾದ್ಯಗಳು ಮುಂದೆ ಬಂದು ನಿಲ್ಲುತ್ತವೆ’ ಎಂದು ಬರೆದಿದ್ದೆ. ದಮ್ ದಮ್ ಪ್ರತಿಗೆ ಕೊನೆಯ ಸ್ಥಾನ. ‘ಪ್ರತಿ ಬದಿಯ ಕೊನೆಯಲ್ಲಿ ದನಿ ಒಡೆಯುತ್ತದೆ, ಭಾರತದ ಅಚ್ಚು ಇಷ್ಟೇ’ ಎಂಬುದು ಅದಕ್ಕೆ ಕೊಟ್ಟ ಷರಾ. ಈ ಎರಡು ಟಿಪ್ಪಣಿಗಳಲ್ಲಿ ಒಂದು ಅರ್ಧ ತಪ್ಪು, ಇನ್ನೊಂದು ಪೂರ್ತಿ ತಪ್ಪು ಎಂದು ತಿಳಿಯಲು ನನಗೆ ಹಲವು ತಿಂಗಳು ಬೇಕಾದವು.

ತಪ್ಪನ್ನು ಮೊದಲು ತೋರಿಸಿಕೊಟ್ಟವನು ರಾಕ್ ಸಂಗೀತದ ಗಂಧಗಾಳಿಯಿಲ್ಲದ ನನ್ನ ತಂಗಿಯ ಮಗ. ಎರಡು ಪ್ರತಿಗಳನ್ನು ಕೇಳಿಸಿ ಯಾವುದು ಚೆನ್ನಾಗಿದೆ ಎಂದಾಗ, “ಮಾಮ, ಇದು ಚೆನ್ನಾಗಿರೋದಲ್ಲ, ಇದು ಜೋರಾಗಿದೆ ಅಷ್ಟೇ” ಎಂದುಬಿಟ್ಟ. ಅಚ್ಚಿಗೆ ಮೂಲವಾಗುವ ಲ್ಯಾಕರ್ ಎಂಬ ಮೆದು ಲೇಪದ ತಟ್ಟೆಯ ಮೇಲೆ ಸಂಗೀತವನ್ನು ಕೊರೆಯುವಾಗ ಅದನ್ನು ಎಷ್ಟು ಮಟ್ಟದಲ್ಲಿ ಕೊರೆಯಬೇಕೆಂಬುದು ಕೊರೆಯುವ ಎಂಜಿನಿಯರನ ಆಯ್ಕೆ. ಹಾಗಾಗಿ ಒಂದೇ ಹಾಡು ಎರಡು ಅಚ್ಚುಗಳಲ್ಲಿ ಒಂದೇ ಜೋರಿನಲ್ಲಿ ಇರುವುದು ಅಪರೂಪ. ಒಂದೆರಡು ಡೆಸಿಬೆಲ್‌ನಷ್ಟು ವ್ಯತ್ಯಾಸವನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ, ‘ತುಂಬು ದನಿ’, ‘ಸ್ಪಷ್ಟತೆ’ ಎಂದು ತಿಳಿಯುತ್ತದೆ. ಅಳೆದು ನೋಡಿದಾಗ ನಾನು ಮೊದಲ ಸ್ಥಾನ ಕೊಟ್ಟಿದ್ದ ಪ್ರತಿಯೇ ನಾಲ್ಕರಲ್ಲಿ ಹೆಚ್ಚು ಜೋರಾಗಿತ್ತು.

ಅಂದಿನಿಂದ ಹೋಲಿಕೆಯ ಕ್ರಮವನ್ನೇ ಬದಲಾಯಿಸಿದೆ. ಮೊದಲ ಕೆಲಸ ತೊಳೆಯುವುದು. ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ, ಮೃದುವಾದ ಬ್ರಶ್ಶಿನಿಂದ ಗೆರೆಗಳ ದಿಕ್ಕಿನಲ್ಲಿಯೇ ಉಜ್ಜಿ, ಬರಿಯ ನೀರಿನಲ್ಲಿ ಮತ್ತೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ನಾಲ್ಕಾರು ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದ ಚಿಕ್ಕಪ್ಪನ ಪ್ರತಿಯಿಂದ ಬಿಳಿ ಬೂಷ್ಟು ಹೋಗಲು ಮೂರು ಬಾರಿ ತೊಳೆಯಬೇಕಾಯಿತು. (ಮನೆಯಲ್ಲಿ ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟುಗಳಿದ್ದವರು ಈ ದ್ರಾವಣವನ್ನು ಅವುಗಳ ಹತ್ತಿರಕ್ಕೂ ತರಬಾರದು, ಅವು ಅರಗಿನವು, ಆಲ್ಕೊಹಾಲಿನಲ್ಲಿ ಕರಗುತ್ತವೆ.)

ಎರಡನೆಯದು ಧ್ವನಿಮುದ್ರಣ. ಟರ್ನ್‌ಟೇಬಲ್‌ನಿಂದ ಫೋನೋ ಪ್ರೀಆಂಪ್ (ಸೂಜಿಯ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ), ಅಲ್ಲಿಂದ ಆಡಿಯೋ ಇಂಟರ್‌ಫೇಸ್ (ಅದನ್ನು ಡಿಜಿಟಲ್ ಆಗಿಸುವ ಪೆಟ್ಟಿಗೆ), ಅಲ್ಲಿಂದ ಕಂಪ್ಯೂಟರಿಗೆ 24 ಬಿಟ್, 96 ಕಿಲೋಹರ್ಟ್ಸ್ ಲೆಕ್ಕದಲ್ಲಿ ನಾಲ್ಕನ್ನೂ ಒಂದೇ ದಿನ, ಯಾವ ಗುಬುಟನ್ನೂ ಮುಟ್ಟದೆ ದಾಖಲಿಸಿಕೊಂಡೆ. ತಟ್ಟೆಯನ್ನು ತೆಗೆದು ಇನ್ನೊಂದನ್ನು ಹಾಕುವ ಅರ್ಧ ನಿಮಿಷದಲ್ಲಿ ಕಿವಿಯ ನೆನಪು ಮಾಸಿಹೋಗುತ್ತದೆಂಬ ಕಾರಣಕ್ಕೆ ಈ ದಾರಿ ಹಿಡಿದೆನೇ ಹೊರತು ಕಂಪ್ಯೂಟರಿನ ಮೇಲಿನ ಪ್ರೀತಿಯಿಂದಲ್ಲ. ಧ್ವನಿಯ ಮಟ್ಟವನ್ನು ಸರಿದೂಗಿಸುವಾಗ ನಾನು ಎಡವಿದ ಎರಡು ಜಾಗಗಳನ್ನು ಇಲ್ಲಿ ಹೇಳಬೇಕು. ಆಡಾಸಿಟಿ ತಂತ್ರಾಂಶದಲ್ಲಿ ಅತಿ ಎತ್ತರದ ಶಿಖರವನ್ನು ನೋಡಿ ಸಮ ಮಾಡಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹಳೆಯ ಪ್ರತಿಯಲ್ಲಿ ಆ ಶಿಖರ ಡ್ರಮ್ಮಿನದಾಗಿರದೆ ಒಂದು ಗೀರಿನ ‘ಟಕ್’ ಶಬ್ದದ್ದಾಗಿರುತ್ತದೆ. ಸರಾಸರಿ ಮಟ್ಟವನ್ನು ನೋಡಿದರೂ ಎಚ್ಚರ ಬೇಕು; ತುಸು ಬಾಗಿದ ತಟ್ಟೆ ಕಿವಿಗೆ ಕೇಳಿಸದ ತಳದ ಅಲೆಗಳನ್ನು ಹುಟ್ಟಿಸಿ ಸರಾಸರಿಯನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ 30 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ, ಒಂದೇ ಹಾಡಿನ ಒಂದೇ ಭಾಗದ ಸರಾಸರಿಯನ್ನು ಹೋಲಿಸುವ ರೂಢಿ ಮಾಡಿಕೊಂಡೆ. ತಟ್ಟೆಯಿಂದ ತಟ್ಟೆಗೆ ವೇಗ ಕೂದಲೆಳೆಯಷ್ಟು ಬೇರೆಯಾಗುವುದರಿಂದ ತುಣುಕು ಉದ್ದವಾದರೆ ಹೋಲಿಸುವ ಎರಡು ಪ್ರತಿಗಳೂ ಒಂದಕ್ಕೊಂದು ಹೊಂದದೆ ಜಾರಿಹೋಗುತ್ತವೆ. ಹದಿನೈದಿಪ್ಪತ್ತು ಸೆಕೆಂಡು ಸಾಕು.

ಈ ಆಲ್ಬಮ್ಮನ್ನು ಆರಿಸಿಕೊಂಡದ್ದಕ್ಕೆ ಮೆಚ್ಚುಗೆಯೊಂದೇ ಕಾರಣವಲ್ಲ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಅಲನ್ ಪಾರ್ಸನ್ಸ್ ಎಂಜಿನಿಯರರಾಗಿದ್ದು ದಾಖಲಾದ, 1973ರ ಮಾರ್ಚಿನಲ್ಲಿ ಹೊರಬಂದ ಈ ಆಲ್ಬಮ್ ತನ್ನೊಳಗೇ ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದೆ. ಶುರುವಾಗುವುದೇ ಮೌನದೊಳಗಿಂದ ಮೇಲೇಳುವ ಎದೆಬಡಿತದಿಂದ. ಅಚ್ಚಿನ ಮೇಲ್ಮೈ ಎಷ್ಟು ಸದ್ದು ಮಾಡುತ್ತದೆಂಬುದು ಮೊದಲ ಅರ್ಧ ನಿಮಿಷದಲ್ಲಿಯೇ ಬಯಲಾಗುತ್ತದೆ. ‘ಟೈಮ್’ ಹಾಡಿನ ಆರಂಭದಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸುವಾಗ ಮೇಲುಸ್ವರಗಳ ತಾಳಿಕೆ ಗೊತ್ತಾಗುತ್ತದೆ. ಇದೆಲ್ಲಕ್ಕಿಂತ ಕಠಿಣವಾದದ್ದು ಮೊದಲ ಬದಿಯ ಕೊನೆಯಲ್ಲಿ ಬರುವ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’. ಕ್ಲೇರ್ ಟೋರಿ ಮಾತಿಲ್ಲದೆ ದನಿಯೊಂದರಿಂದಲೇ ಏರಿ ಕೂಗುವ ಆ ಭಾಗ, ತಟ್ಟೆಯ ಅತ್ಯಂತ ಇಕ್ಕಟ್ಟಾದ ಜಾಗದಲ್ಲಿದೆ.

ಇಕ್ಕಟ್ಟು ಏಕೆಂದರೆ, ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ಎಂಬ ಒಂದೇ ಲೆಕ್ಕದಲ್ಲಿ ತಿರುಗಿದರೂ, ಹೊರಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋದರೆ ಲೇಬಲ್ ಹತ್ತಿರದ ಒಳಸುತ್ತಿನಲ್ಲಿ ಹಾದುಹೋಗುವುದು ಕೇವಲ 21 ಸೆಂಟಿಮೀಟರ್. ಅಷ್ಟೇ ಕಾಲದ ಸಂಗೀತ ಅರ್ಧಕ್ಕೂ ಕಡಿಮೆ ಜಾಗದಲ್ಲಿ ಕುಳಿತಾಗ ಮೇಲುಸ್ವರಗಳ ಅಲೆಗಳು ಎಷ್ಟು ಸಣ್ಣದಾಗುತ್ತವೆಂದರೆ, ಗುಂಡಗಿನ ತುದಿಯ ಸೂಜಿ ಅವುಗಳೊಳಗೆ ಇಳಿಯಲಾರದೆ ಮೇಲೆ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಆಗ ಕೇಳಿಸುವುದೇ ಆ ಒಡಕು ದನಿ.

ನಾನು ಆಗ ಬಳಸುತ್ತಿದ್ದದ್ದು ಆಡಿಯೋ ಟೆಕ್ನಿಕಾದ ವಿಎಂ95 ಕಾರ್ಟ್ರಿಡ್ಜ್ (ಸೂಜಿಯನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ತಾಗಿಸುವ ಪುಟ್ಟ ಭಾಗ), ಅದರಲ್ಲಿ ಗುಂಡುತುದಿಯ ಸೂಜಿ. ಈ ಕಾರ್ಟ್ರಿಡ್ಜಿನ ಉಪಕಾರವೇನೆಂದರೆ, ದೇಹವನ್ನು ಹಾಗೆಯೇ ಬಿಟ್ಟು ಸೂಜಿಯನ್ನು ಮಾತ್ರ ಎಳೆದು ತೆಗೆದು ಬೇರೆ ಆಕಾರದ್ದನ್ನು ಸಿಕ್ಕಿಸಬಹುದು. ತುದಿ ಹೆಚ್ಚು ಚೂಪಾದ ಮೈಕ್ರೋಲೀನಿಯರ್ ಸೂಜಿಯನ್ನು ತರಿಸಿ, ಅಳತೆಯ ಹಾಳೆಯ ಮೇಲೆ ಕೋನವನ್ನು ಮತ್ತೆ ಸರಿಹೊಂದಿಸಿ, ಪುಟ್ಟ ತಕ್ಕಡಿಯಲ್ಲಿ ಎರಡು ಗ್ರಾಂ ಭಾರಕ್ಕೆ ತಂದು ನಿಲ್ಲಿಸಿ, ಚಿಕ್ಕಪ್ಪನ ಪ್ರತಿಯನ್ನೇ ಮೊದಲು ಹಾಕಿದೆ. ಟೋರಿಯವರ ದನಿ ಒಡೆಯಲಿಲ್ಲ. ಒಡಕು ದಮ್ ದಮ್ ಕಾರ್ಖಾನೆಯದಾಗಿರಲಿಲ್ಲ, ನನ್ನ ಸೂಜಿಯದಾಗಿತ್ತು; ಉಳಿದ ಮೂರು ಪ್ರತಿಗಳಲ್ಲಿಯೂ ಅದು ಸ್ವಲ್ಪ ಸ್ವಲ್ಪ ಇದ್ದೇ ಇತ್ತು, ಹೊಸ ತಟ್ಟೆಯೆಂಬ ಗೌರವಕ್ಕೆ ನಾನು ಅದನ್ನು ಕ್ಷಮಿಸಿದ್ದೆ. ಅಚ್ಚಿನಿಂದ ಅಚ್ಚಿಗೆ ಇರುವ ವ್ಯತ್ಯಾಸಕ್ಕಿಂತ ಸೂಜಿಯಿಂದ ಸೂಜಿಗೆ ಇರುವ ವ್ಯತ್ಯಾಸ ದೊಡ್ಡದೆಂಬುದು ನನ್ನ ಮಟ್ಟಿಗೆ ಈ ಇಡೀ ಪ್ರಯೋಗದ ಮುಖ್ಯ ಪಾಠ, ಮತ್ತು ಮೂರನೆಯ ಪ್ರತಿಯನ್ನು ಕೊಳ್ಳುವ ಮೊದಲೇ ತಿಳಿದಿದ್ದರೆ ಹಣ ಉಳಿಯುತ್ತಿತ್ತು.

ಹೊಸ ಸೂಜಿಯಿಂದ ಎಲ್ಲವನ್ನೂ ಮತ್ತೆ ದಾಖಲಿಸಿ, ಮಟ್ಟ ಸರಿದೂಗಿಸಿ, ಹೆಸರು ಮುಚ್ಚಿ ಕೇಳುವ ಪರೀಕ್ಷೆಗೆ ಕುಳಿತೆ. ಫೂಬಾರ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಅನುಕೂಲವಿದೆ: ಎರಡು ತುಣುಕುಗಳಲ್ಲಿ ಯಾವುದನ್ನು ಕೇಳಿಸುತ್ತಿದೆಯೆಂದು ಹೇಳದೆ ಕೇಳಿಸುತ್ತದೆ, ನಾವು ಗುರುತಿಸಬೇಕು. 16 ಬಾರಿ ಕೇಳಿ 12 ಬಾರಿ ಸರಿಯಾಗಿ ಹೇಳಿದರೆ, ಅದು ಬರಿಯ ಊಹೆಯಿಂದ ಆಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಇದಕ್ಕೆ ಗೀರುಗಳಿಲ್ಲದ ತುಣುಕುಗಳನ್ನೇ ಆರಿಸಬೇಕಾಯಿತು. ಇಲ್ಲವಾದರೆ ‘ಟಕ್’ ಎಂದದ್ದು ಚಿಕ್ಕಪ್ಪನದು ಎಂದು ಯಾರು ಬೇಕಾದರೂ ಹೇಳಬಹುದು. ‘ಮನಿ’ ಹಾಡಿನ ತುಣುಕಿನಲ್ಲಿ 2003 ಮತ್ತು 2016ರ ಅಚ್ಚುಗಳನ್ನು 16ಕ್ಕೆ 14 ಬಾರಿ ಗುರುತಿಸಿದೆ: 2003ರದರಲ್ಲಿ ಬಾಸ್ ಗಿಟಾರು ನಿಜವಾಗಿಯೂ ತುಸು ದಪ್ಪ, 2016ರದು ಹೆಚ್ಚು ನಯ. ನನ್ನ ಮೊದಲ ಟಿಪ್ಪಣಿ ಅರ್ಧ ತಪ್ಪು ಎಂದದ್ದು ಇದಕ್ಕಾಗಿಯೇ. ಬಾಸ್ ಹೆಚ್ಚಿತ್ತು, ಆದರೆ ನಾನಂದುಕೊಂಡಷ್ಟಲ್ಲ. ಇಂಗ್ಲಿಷ್ ಅಚ್ಚು ಮತ್ತು ದಮ್ ದಮ್ ಅಚ್ಚಿನ ನಡುವೆ ನನ್ನ ಫಲಿತಾಂಶ 16ಕ್ಕೆ 9. ಅಂದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಈ ಎರಡನೆಯ ಫಲಿತಾಂಶಕ್ಕೆ ವಿವರಣೆ ತಟ್ಟೆಯ ಮೇಲೆಯೇ ಇತ್ತು. ಹಾಡು ಮುಗಿದು ಲೇಬಲ್ ಶುರುವಾಗುವ ಮೊದಲಿನ ಖಾಲಿ ಪಟ್ಟಿಯನ್ನು ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಅಲ್ಲಿ ಸಂಖ್ಯೆ, ಅಕ್ಷರಗಳು ಕಾಣುತ್ತವೆ. ಎರಡು ಪ್ರತಿಗಳಲ್ಲೂ ಕೊರೆತದ ಸಂಖ್ಯೆ (ಯಾವ ಮೂಲ ಕೊರೆತದಿಂದ ಬಂದದ್ದೆಂಬ ಗುರುತು) ಒಂದೇ ಇತ್ತು. ಇಂಗ್ಲೆಂಡಿನಲ್ಲಿ ಕೊರೆದ ಮೂಲದಿಂದಲೇ ದಮ್ ದಮ್‌ನ ಲೋಹದ ಅಚ್ಚು ತಯಾರಾಗಿರಬೇಕೆಂದು ನಾನು ಊಹಿಸುತ್ತೇನೆ. ಈ ಪಟ್ಟಿಯನ್ನು ಓದುವುದು ಈಗ ನನಗೊಂದು ಚಟವಾಗಿದೆ. ಇಂಗ್ಲೆಂಡಿನ ಇಎಂಐ ಕಂಪನಿಯ ಅಚ್ಚುಗಳಲ್ಲಿ ‘ಗ್ರಾಮೊಫೋನ್ ಲಿಮಿಟೆಡ್’ ಎಂಬುದರ ಇಂಗ್ಲಿಷ್ ಹ್ರಸ್ವರೂಪದ ಹತ್ತು ಅಕ್ಷರಗಳನ್ನು 1ರಿಂದ 9 ಮತ್ತು 0 ಎಂದು ಬಳಸಿ ಸ್ಟಾಂಪರ್ (ತಟ್ಟೆಗಳನ್ನು ಒತ್ತುವ ಲೋಹದ ಅಚ್ಚು) ಸಂಖ್ಯೆಯನ್ನು ಗುರುತು ಹಾಕುತ್ತಿದ್ದರು: ಜಿ ಎಂದರೆ 1, ಆರ್ ಎಂದರೆ 2, ಎಚ್ ಎಂದರೆ 7, ಆದ್ದರಿಂದ ‘ಆರ್ ಎಚ್’ ಎಂದಿದ್ದರೆ ಅದು 27ನೆಯ ಸ್ಟಾಂಪರ್. ಕೊರೆದವರ ಹೆಸರಿನ ಮೊದಲಕ್ಷರಗಳೂ ಕೆಲವೊಮ್ಮೆ ಅಲ್ಲಿರುತ್ತವೆ. ಲೆಡ್ ಜೆಪೆಲಿನ್ ತಂಡದ ಎರಡನೆಯ ಆಲ್ಬಮ್ಮಿನ 1969ರ ಅಮೆರಿಕನ್ ಅಚ್ಚಿನಲ್ಲಿ ‘ಆರ್ ಎಲ್’ ಎಂದಿದ್ದರೆ ಅದು ಬಾಬ್ ಲುಡ್ವಿಗ್ ಕೊರೆದದ್ದು. ಅದರ ತಳಸ್ವರದ ರಭಸಕ್ಕೆ ಕಡಿಮೆ ಬೆಲೆಯ ಪ್ಲೇಯರುಗಳಲ್ಲಿ ಸೂಜಿ ಹಾರುತ್ತದೆಂದು ಅದನ್ನು ಕೈಬಿಟ್ಟು ತಗ್ಗಿಸಿ ಮತ್ತೆ ಕೊರೆಯಲಾಯಿತು. ಅದನ್ನು ಕೊಳ್ಳುವ ಶಕ್ತಿ ನನಗಿಲ್ಲ. ಜಿಮ್ಮಿ ಪೇಜ್ ಅವರ ಮೇಲ್ವಿಚಾರಣೆಯಲ್ಲಿ ಜಾನ್ ಡೇವಿಸ್ ಮಾಸ್ಟರಿಂಗ್ ಮಾಡಿದ (ಅಚ್ಚಿಗೆ ಮೊದಲು ಧ್ವನಿಯನ್ನು ಹದಗೊಳಿಸಿದ) 2014ರ ಅಚ್ಚು ನನ್ನಲ್ಲಿದೆ. ಅದು ಡಿಜಿಟಲ್ ಕಡತಗಳಿಂದ ಬಂದದ್ದೆಂದು ಮೂಗು ಮುರಿಯುವವರಿದ್ದಾರೆ, ಆದರೆ ನನಗೆ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ.

ಟೇಪೋ ಡಿಜಿಟಲ್ಲೋ ಎಂಬ ವಾದದಲ್ಲಿ ನಾನು ಮೆತ್ತಗಾಗಲು ಬೇರೆಯೇ ಘಟನೆ ಕಾರಣ. ಶುದ್ಧ ಅನಲಾಗ್ (ಎಲ್ಲೂ ಡಿಜಿಟಲ್ ಆಗದೆ ಟೇಪಿನಿಂದಲೇ ಬಂದದ್ದು) ಎಂದು ರಸಿಕರು ನಂಬಿ ಕೊಂಡಾಡುತ್ತಿದ್ದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ಹಲವಾರು ಮರುಮುದ್ರಣಗಳಲ್ಲಿ ಡಿಜಿಟಲ್ ಹಂತವೊಂದಿತ್ತೆಂಬುದು 2022ರಲ್ಲಿ ಹೊರಬಿತ್ತು. ಅಷ್ಟು ವರ್ಷ ದುಬಾರಿ ಉಪಕರಣಗಳಲ್ಲಿ ಕೇಳಿದವರ ಕಿವಿಗೆ ಅದು ಸಿಕ್ಕಿರಲಿಲ್ಲ. ಹಾಗೆಂದು ಮೂಲ ಯಾವುದಾದರೇನು ಎಂದು ನಾನು ಹೇಳುವುದಿಲ್ಲ. ಬೀಟಲ್ಸ್ ತಂಡದ ಸ್ಟೀರಿಯೋ ಎಲ್‌ಪಿಗಳು 2012ರಲ್ಲಿ ಡಿಜಿಟಲ್ ರೀಮಾಸ್ಟರುಗಳಿಂದ ಬಂದವು. ಎಡ ಬಲ ಎಂಬ ಭೇದವಿಲ್ಲದೆ ಒಂದೇ ಧ್ವನಿಧಾರೆಯಿರುವ ಮೋನೋ ಎಲ್‌ಪಿಗಳನ್ನು 2014ರಲ್ಲಿ ನೇರವಾಗಿ ಟೇಪಿನಿಂದ ಕೊರೆಯಲಾಯಿತು. ಎರಡರಲ್ಲೂ ಒಂದೊಂದನ್ನು ಕೊಂಡು ಕೇಳಿದ ನನಗೆ ಮೋನೋ ಹೆಚ್ಚು ಹಿಡಿಸಿತು. ಆದರೆ ಅವೆರಡರ ಮಿಶ್ರಣವೇ (ದನಿ, ವಾದ್ಯಗಳನ್ನು ಬೆರೆಸಿದ ರೀತಿ) ಬೇರೆ ಬೇರೆಯಾದ್ದರಿಂದ ಇಷ್ಟವಾದದ್ದು ಟೇಪೋ ಮಿಶ್ರಣವೋ ಎಂದು ಬಿಡಿಸಿ ಹೇಳಲಾರೆ.

ಮರುಮುದ್ರಣಗಳ ಹೊದಿಕೆಯ ಮೇಲೆ ಹೆಮ್ಮೆಯಿಂದ ಅಂಟಿಸುವ, 180 ಗ್ರಾಂ ತೂಕವೆಂಬ ಸ್ಟಿಕ್ಕರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆರೆಯ ಆಳ ತೂಕದ ಮೇಲೆ ಹೋಗುವುದಿಲ್ಲ. ತೂಕಕ್ಕಿಂತ ನೋಡಬೇಕಾದದ್ದು ನಡುವಿನ ರಂಧ್ರವನ್ನು. ಇನ್ನೊಂದು ಆಲ್ಬಮ್ಮಿನ ದಪ್ಪನೆಯ ಮರುಮುದ್ರಣವೊಂದನ್ನು ತರಿಸಿದಾಗ ಅದರ ಪಿಯಾನೋ ತೊಟ್ಟಿಲಿನಂತೆ ತೂಗುತ್ತಿತ್ತು. ಏರಿಳಿತವನ್ನು ಗಡಿಯಾರ ಹಿಡಿದು ಎಣಿಸಿದಾಗ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಮರುಕಳಿಸುತ್ತಿತ್ತು, ಅಂದರೆ ತಟ್ಟೆ ಒಂದು ಸುತ್ತು ತಿರುಗುವ ಅವಧಿ. ರಂಧ್ರ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಸಾಕು, ಒಳಸುತ್ತಿನಲ್ಲಿ ಶ್ರುತಿ ಶೇಕಡಾ ಮುಕ್ಕಾಲಿನಷ್ಟು ಮೇಲೆ ಕೆಳಗೆ ಅಲುಗುತ್ತದೆ, ತಂಬೂರಿಯ ಶ್ರುತಿ ಕೇಳಿ ಬೆಳೆದ ಕಿವಿಗೆ ಅದನ್ನು ಸಹಿಸುವುದು ಕಷ್ಟ. ಮಾರಿದವರು ‘ಇದು ದೋಷವಲ್ಲ’ ಎಂದು ಉತ್ತರ ಬರೆದರು. ಎರಡನೆಯ ಪ್ರತಿ ಕೊಂಡೆ, ಅದು ಸರಿಯಾಗಿತ್ತು. ಆದ್ದರಿಂದ ‘ಈ ಮರುಮುದ್ರಣ ಚೆನ್ನಾಗಿದೆ’, ‘ಆ ಮರುಮುದ್ರಣ ಕೆಟ್ಟದ್ದು’ ಎಂಬ ಮಾತುಗಳನ್ನು ಓದುವಾಗ, ಹೇಳುತ್ತಿರುವವರ ಕೈಯಲ್ಲಿದ್ದದ್ದು ಒಂದೇ ಒಂದು ಪ್ರತಿ ಎಂಬುದನ್ನು ನಾನು ಮರೆಯುವುದಿಲ್ಲ. ನನ್ನ ಮೇಲಿನ ತೀರ್ಪುಗಳಿಗೂ ಇದೇ ಮಿತಿ ಅನ್ವಯಿಸುತ್ತದೆ.

ಈಗ ನಾನು ಹೆಚ್ಚಾಗಿ ಹಾಕುವುದು 2016ರದನ್ನು. ಮೊದಲ ಎದೆಬಡಿತದ ಹಿಂದೆ ಸದ್ದಿಲ್ಲ, ಸುದೀರ್ಘವಾದ ಎರಡನೆಯ ಬದಿಯೂ ಸುಸ್ತಾಗದೆ ಮುಗಿಯುತ್ತದೆ. ಇಂಗ್ಲಿಷ್ ಪ್ರತಿಯನ್ನು ಗೆಳೆಯರೊಬ್ಬರು ಕೇಳಿದರು, ಕೊಟ್ಟುಬಿಟ್ಟೆ. ಚಿಕ್ಕಪ್ಪ ಮನೆಗೆ ಬಂದ ದಿನ ಮಾತ್ರ ಅವರ ದಮ್ ದಮ್ ಪ್ರತಿಯೇ ಆಗಬೇಕು. ‘ಟೈಮ್’ ಹಾಡಿನ ನಡುವೆ ಒಂದು ಗೀರು ಬರುತ್ತದೆ, ಅದು ತಾವೇ ಹಾಕಿದ್ದೆಂದು ಅವರು ಪ್ರತಿ ಸಲವೂ ಹೇಳುತ್ತಾರೆ.